ಐವಿಎಫ್ ಇಂಜೆಕ್ಷನ್‌ಗೆ ಮುನ್ನ ಇನ್ಸುಲಿನ್ ಕಡೆ ನೋಡಿ

ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮೊಟ್ಟೆ ಸರಿಯಾಗಿ ಬಿಡುಗಡೆಯಾಗದ ಅಂಡಾಶಯದ ತೊಂದರೆ) ಇದ್ದು ಮಗುವಿಗಾಗಿ ಚಿಕಿತ್ಸೆ ಶುರುಮಾಡುವಾಗ ಎಲ್ಲರ ಕಣ್ಣೂ ಸ್ಕ್ಯಾನ್‌ನಲ್ಲಿ ಕಾಣುವ ಫಾಲಿಕಲ್ (ಮೊಟ್ಟೆ ಬೆಳೆಯುವ ಚೀಲ) ಮೇಲೆ. ಅದು ಬೆಳೆಯದೆ ನಿಲ್ಲಲು ಇನ್ಸುಲಿನ್ನೂ ಕಾರಣವಾಗಿರಬಹುದು. ದೇಹ ಇನ್ಸುಲಿನ್‌ಗೆ ಬಗ್ಗದಿದ್ದರೆ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಅಂಡಾಶಯ ಮಾತ್ರ ಅದಕ್ಕೆ ಸ್ಪಂದಿಸುತ್ತಲೇ ಇದ್ದು ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ದಪ್ಪಗಿದ್ದವರಿಗಷ್ಟೇ ಈ ತೊಂದರೆ ಎನ್ನುವುದು ತಪ್ಪು. ಕತ್ತಿನ ಹಿಂದೆ ಉಜ್ಜಿದರೂ ಹೋಗದ ಕಪ್ಪು, 80 ಸೆಂ.ಮೀ. ದಾಟಿದ ಸೊಂಟ ಇದ್ದರೆ ಪರೀಕ್ಷಿಸಿಕೊಳ್ಳಿ.

ಖಾಲಿ ಹೊಟ್ಟೆಯ ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಇನ್ಸುಲಿನ್ ಪ್ರತಿರೋಧ ಅಳೆಯುವ ಹೋಮಾ ಅಂಕಿ. ಸಕ್ಕರೆ 96, ಇನ್ಸುಲಿನ್ 18 ಇದ್ದರೆ 4.3, 2.5 ದಾಟಿದರೆ ಸಾಮಾನ್ಯವಾಗಿ ಪ್ರತಿರೋಧವೆನ್ನುತ್ತಾರೆ. ಆದರೆ ಇನ್ಸುಲಿನ್ ಅಳತೆ ಲ್ಯಾಬ್‌ನಿಂದ ಲ್ಯಾಬ್‌ಗೆ ಬದಲಾಗುತ್ತದೆ. ಅದಕ್ಕಿಂತ 75 ಗ್ರಾಂ ಗ್ಲುಕೋಸ್ ಕುಡಿದು ಮಾಡುವ ಪರೀಕ್ಷೆಯೇ ಮೇಲು. ಐದು ನಿಮಿಷದೊಳಗೆ ಕುಡಿದು ಮುಗಿಸಿ, ಎರಡು ಗಂಟೆ ಓಡಾಡದೆ ಕೂತಿರಿ. ಆಗ ರಕ್ತದ ಸಕ್ಕರೆ 140ರಿಂದ 199 ಬಂದರೆ ಮಧುಮೇಹದ ಹೊಸ್ತಿಲು, 200 ಮುಟ್ಟಿದರೆ ಮಧುಮೇಹ. ಪರೀಕ್ಷೆ ಇದೆಯೆಂದು ಮೂರು ದಿನ ಅನ್ನ, ಮುದ್ದೆ ಬಿಟ್ಟು ಹೋದರೆ ಅಂಕಿ ಸುಳ್ಳಾಗಿ ಏರುತ್ತದೆ. ಕಬ್ಬಿಣದ ಕೊರತೆಯಿದ್ದರೆ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಕೂಡ ಹೆಚ್ಚು ತೋರಿಸಬಹುದು.

ತೂಕ ಹೆಚ್ಚಿದ್ದರೆ ಶೇ. 5ರಷ್ಟು ಇಳಿದರೂ ಹಲವರಿಗೆ ಮುಟ್ಟು ಸರಿಹೋಗುತ್ತದೆ, 80 ಕೆ.ಜಿ. ಇದ್ದವರಿಗೆ ಅದು 4 ಕೆ.ಜಿ. ರಾಗಿ ಒಳ್ಳೆಯದೆಂದು ಬೆಲ್ಲ ಹಾಕಿದ ಗಂಜಿ ಕುಡಿದರೆ ಸಕ್ಕರೆ ಸರ್ರನೆ ಏರುತ್ತದೆ. ಮುದ್ದೆ ಚಿಕ್ಕದಾಗಿರಲಿ, ಜೊತೆಗೆ ಕಾಳಿನ ಸಾರು, ಸೊಪ್ಪಿನ ಪಲ್ಯ ಧಾರಾಳವಾಗಿರಲಿ.

ಮೆಟ್‌ಫಾರ್ಮಿನ್ ಇನ್ಸುಲಿನ್ ಪ್ರತಿರೋಧ ತಗ್ಗಿಸುವ ಮಾತ್ರೆ, ಮಗು ಕೊಡುವ ಮಾತ್ರೆಯಲ್ಲ. ಅಂಡೋತ್ಪತ್ತಿಗೆ ಮೊದಲ ಔಷಧ ಲೆಟ್ರೊಜೋಲ್. ವೈದ್ಯರು ಮೆಟ್‌ಫಾರ್ಮಿನ್ ಬರೆದರೆ ಸಾಮಾನ್ಯವಾಗಿ ಊಟದ ಜೊತೆ 500 ಮಿ.ಗ್ರಾಂನಿಂದ ಶುರುಮಾಡಿ ವಾರ ವಾರ ಏರಿಸುತ್ತಾರೆ. ಒಮ್ಮೆಲೇ ಪೂರ್ತಿ ಡೋಸ್ ನುಂಗಿದರೆ ಹೊಟ್ಟೆ ಕೆಡುತ್ತದೆ, ಮಾತ್ರೆ ಕಸದ ಬುಟ್ಟಿ ಸೇರುತ್ತದೆ. ತೂಕ ಇಳಿಸಲು ಸೆಮಾಗ್ಲುಟೈಡ್ ತೆಗೆದುಕೊಳ್ಳುತ್ತಿದ್ದರೆ ಗರ್ಭಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ಐವಿಎಫ್‌ನಲ್ಲಿ ಪಿಸಿಓಎಸ್ ಅಂಡಾಶಯ ಇಂಜೆಕ್ಷನ್‌ಗೆ ಅತಿಯಾಗಿ ಸ್ಪಂದಿಸಿ ಊದಿಕೊಳ್ಳಬಹುದು. ಆ ಅಪಾಯ ತಗ್ಗಿಸಲು ಆಂಟಗನಿಸ್ಟ್ ಪದ್ಧತಿಯೇ (ಮೊಟ್ಟೆ ಅವಧಿಗೆ ಮುನ್ನ ಹೊರಬೀಳದಂತೆ ತಡೆಯುವ ಕ್ರಮ), ಎಚ್‌ಸಿಜಿ ಬದಲು ಅಗೊನಿಸ್ಟ್ ಟ್ರಿಗರ್ (ಮೊಟ್ಟೆ ಮಾಗಿಸುವ ಕೊನೆಯ ಇಂಜೆಕ್ಷನ್) ಕೊಡಬಹುದೇ, ಭ್ರೂಣಗಳನ್ನು ಫ್ರೀಜ್ ಮಾಡಿ ಮುಂದಿನ ತಿಂಗಳು ಗರ್ಭಕೋಶದಲ್ಲಿ ಇಡಬಹುದೇ ಎಂದು ಇಂಜೆಕ್ಷನ್ ಶುರುವಾಗುವ ಮುಂಚೆಯೇ ಕೇಳಿ. ಮೊಟ್ಟೆ ತೆಗೆದ ಮೇಲೆ ಹೊಟ್ಟೆ ಉಬ್ಬಿ, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟಿದರೆ ಬೆಳಗಿನತನಕ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.