ಮೂಲೆ ಸೇರಿದ ಸೈಕೆಡೆಲಿಕ್ ಆಲ್ಬಂ ಕೇಳುವುದು ಹೇಗೆ?

"ಸರ್, ನಿಮ್ಮ ಸ್ಟುಡಿಯೊದಲ್ಲಿ ಯಾರಾದ್ರೂ ಕೋಳಿ ಹಿಡ್ಕೊಂಡು ಕೂತಿದಾರಾ?"

ವಾರಕ್ಕೊಂದು ರಾತ್ರಿ ಇಂಟರ್‌ನೆಟ್ ರೇಡಿಯೊದಲ್ಲಿ ಹಳೆಯ ರಾಕ್ ಹಾಡು ಹಾಕುತ್ತಿದ್ದ ಕಾಲದಲ್ಲಿ ನನಗೆ ಬಂದ ಮೊದಲ ಮೆಸೇಜ್ ಇದು. ಆಗ ಓಡುತ್ತಿದ್ದದ್ದು ಟೆಕ್ಸಸ್‌ನ ಆಸ್ಟಿನ್ ಊರಿನ 'ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್' ತಂಡದ 1966ರ ಆಲ್ಬಂ. ಕೇಳಿದವರದ್ದು ತಪ್ಪೇನಿಲ್ಲ. ಹಾಡಿನ ಹಿಂದೆ ಉದ್ದಕ್ಕೂ 'ಡುಗುಡುಗುಡುಗು' ಅಂತ ಒಂದು ಸದ್ದು ಬರುತ್ತಲೇ ಇರುತ್ತದೆ. ಅದು ಕೋಳಿಯಲ್ಲ, ಹೂಜಿ. ಟಾಮಿ ಹಾಲ್ ಎಂಬಾತ ಹೂಜಿಯ ಬಾಯಿಗೆ ಮೈಕ್ ಹಿಡಿದು, ಅದರೊಳಗೆ ಬಾಯಲ್ಲೇ ಸದ್ದು ಹೊರಡಿಸುತ್ತಿದ್ದ. ಹೂಜಿ ಅಂದಮೇಲೆ ನಮ್ಮ ಘಟಂ ನೆನಪಾಗುತ್ತದೆ. ಆದರೆ ಇದನ್ನು ಬಾರಿಸುವಂತಿಲ್ಲ, ಇದರೊಳಗೆ ಗುಟುಗುಟು ಅನ್ನಬೇಕು.

ಸೈಕೆಡೆಲಿಕ್ ಅಂದರೆ ಅರವತ್ತರ ದಶಕದ, ಅಮಲಿನ ಕನಸಿನಂಥ ವಿಚಿತ್ರ ಸದ್ದುಗಳ ರಾಕ್ ಸಂಗೀತ. ಹೆಸರು ಕೇಳಿದ ಕೂಡಲೇ ಕೆಲವರು ಎಲ್‌ಎಸ್‌ಡಿ, ಗಾಂಜಾ ಅಂತ ಹುಬ್ಬೇರಿಸುತ್ತಾರೆ. ಆ ತಂಡಗಳ ಹುಡುಗರಲ್ಲಿ ಬಹಳ ಜನ ತಗೊಂಡಿದ್ದು ನಿಜ. ಕೇಳುವವರಿಗೆ ಮಾತ್ರ ಒಂದು ಲೋಟ ಕಾಫಿ, ನಲವತ್ತು ನಿಮಿಷ ಬಿಡುವು ಸಾಕು.

ಹಿಟ್ ಆದ ಆಲ್ಬಂಗಳು ಹೇಗಿದ್ದರೂ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ಆಗ ಮಾರಾಟವಾಗದೆ ಮೂಲೆ ಸೇರಿದವನ್ನು ನಾವೇ ಹುಡುಕಿಕೊಂಡು ಹೋಗಬೇಕು. ಅವು ಮೂಲೆ ಸೇರಿದ್ದು ಹಾಡು ಚೆನ್ನಾಗಿಲ್ಲ ಅಂತಲ್ಲ. ತಂಡ ಒಡೆಯಿತು, ಕಂಪನಿ ತಡ ಮಾಡಿತು, ಅದೇ ದಿನ ದೊಡ್ಡವರ ಆಲ್ಬಂ ಬಂತು. ಇಂಥವೇ ಜಾಸ್ತಿ. 1968ರ ನವೆಂಬರ್ 22ರಂದು ಇಂಗ್ಲೆಂಡ್‌ನಲ್ಲಿ ಕಿಂಕ್ಸ್ ತಂಡದ 'ವಿಲೇಜ್ ಗ್ರೀನ್' ಆಲ್ಬಂ ಅಂಗಡಿಗೆ ಬಂತು. ಬೀಟಲ್ಸ್ ತಂಡದ ಬಿಳಿ ಕವರಿನ ಜೋಡಿ ಆಲ್ಬಂ ಬಂದದ್ದೂ ಅದೇ ದಿನ. ಜನ ಯಾವುದಕ್ಕೆ ದುಡ್ಡು ಕೊಟ್ಟಿರುತ್ತಾರೆ, ನೀವೇ ಹೇಳಿ.

1. ಮೊದಲು ಫೋನ್ ಸರಿಮಾಡಿಕೊಳ್ಳಿ

ಶಫಲ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ತೆಗೆಯಿರಿ. ಈ ಆಲ್ಬಂಗಳಲ್ಲಿ ಯಾವುದರ ನಂತರ ಯಾವುದು ಬರಬೇಕು ಅಂತ ಕೂತು ಜೋಡಿಸಿರುತ್ತಾರೆ.

ಈಗ ಸಿಗುವ ಹೊಸ ಆವೃತ್ತಿಗಳಲ್ಲಿ ಇನ್ನೊಂದು ತೊಂದರೆ ಇದೆ. ಹನ್ನೆರಡು ಹಾಡಿನ ಆಲ್ಬಂ ಹಿಂದೆ ಬೋನಸ್ ಅಂತ ಇನ್ನೂ ಹತ್ತಿಪ್ಪತ್ತು ತುರುಕಿರುತ್ತಾರೆ. ಮೂಲ ಪ್ಲೇಟು ಎಲ್ಲಿಗೆ ಮುಗಿಯಿತು ಅಂತ ಮೊದಲೇ ನೋಡಿಕೊಂಡು, ಅಲ್ಲಿಗೇ ನಿಲ್ಲಿಸಿ. ಹಾಗೆಯೇ ಸೈಡ್ ಎ ಮುಗಿದಾಗ ಎದ್ದು ಎರಡು ನಿಮಿಷ ಓಡಾಡಿ ಬನ್ನಿ. ಆ ಕಾಲದವರು ಪ್ಲೇಟು ತಿರುಗಿಸಲು ಏಳಲೇಬೇಕಿತ್ತು. ಹಾಡು ಜೋಡಿಸಿದವರ ಲೆಕ್ಕದಲ್ಲಿ ಆ ಬಿಡುವೂ ಇತ್ತು.

ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ. ಆಗ ಸ್ಟೀರಿಯೊ ಹೊಸದು. ಡ್ರಮ್ಸ್ ಪೂರ್ತಿ ಎಡಕ್ಕೆ, ಹಾಡುವವನು ಪೂರ್ತಿ ಬಲಕ್ಕೆ ಹೀಗೆಲ್ಲ ಹಂಚಿಬಿಡುತ್ತಿದ್ದರು. ನಾನು ಒಂದು ಕಿವಿ ಸತ್ತ ಇಯರ್‌ಫೋನಿನಲ್ಲಿ ವಾರಗಟ್ಟಲೆ ಒಂದು ಆಲ್ಬಂ ಕೇಳಿ, 'ಎಷ್ಟು ಖಾಲಿ ಖಾಲಿ, ಎಷ್ಟು ಧೈರ್ಯ ಇವರದ್ದು' ಅಂತ ಸ್ನೇಹಿತರ ಮುಂದೆ ಹೊಗಳಿದ್ದೆ. ಅರ್ಧ ಬ್ಯಾಂಡ್ ನನಗೆ ಕೇಳಿಸಿಯೇ ಇರಲಿಲ್ಲ.

2. ಮೆತ್ತನೆಯದರಿಂದ ಶುರುಮಾಡಿ

ಹೊಸಬರು ಯಾರು ಕೇಳಿದರೂ ನಾನು ಮೊದಲು ಕೊಡುವುದು ಜಾಂಬೀಸ್ ತಂಡದ 'ಒಡಿಸ್ಸಿ ಅಂಡ್ ಆರಕಲ್'. ಗಲಾಟೆಯಿಲ್ಲ, ಮೂವತ್ತೈದು ನಿಮಿಷ, ಒಂದೊಂದೂ ಗುನುಗುವಂಥ ಹಾಡು. ಮೊದಲ ಹಾಡು ಜೈಲಿನಿಂದ ಬಿಡುಗಡೆಯಾಗಲಿರುವ ಗೆಳತಿಗೆ ಬರೆದ ಕಾಗದ. ಇಷ್ಟು ಖುಷಿಯ ಜೈಲು ಹಾಡು ನಾನು ಬೇರೆ ಕೇಳಿಲ್ಲ.

1967ರ ಜೂನ್‌ನಲ್ಲಿ, ಬೀಟಲ್ಸ್ ತಮ್ಮ 'ಸಾರ್ಜೆಂಟ್ ಪೆಪ್ಪರ್' ಮುಗಿಸಿ ಹೋದ ಸ್ವಲ್ಪ ದಿನಕ್ಕೇ ಈ ಹುಡುಗರು ಲಂಡನ್ನಿನ ಅದೇ ಆ್ಯಬಿ ರೋಡ್ ಸ್ಟುಡಿಯೊಗೆ ಬಂದರು. ಬೀಟಲ್ಸ್ ಅಲ್ಲೇ ಬಿಟ್ಟುಹೋಗಿದ್ದ ಮೆಲೊಟ್ರಾನ್ ಇವರಿಗೆ ಸಿಕ್ಕಿತು. ಅದು ನೋಡಲು ಹಾರ್ಮೋನಿಯಂ ಥರ. ಒಳಗೆ ಪ್ರತಿ ಮನೆಗೂ, ಅಂದರೆ ಬೆರಳಲ್ಲಿ ಒತ್ತುವ ಪ್ರತಿ ಕೀಲಿಗೂ, ಒಂದೊಂದು ತುಂಡು ಟೇಪು. ಮನೆ ಒತ್ತಿದರೆ ಕೊಳಲಿನದ್ದೋ ಪಿಟೀಲಿನದ್ದೋ ಟೇಪು ಓಡುತ್ತದೆ. ಎಂಟು ಸೆಕೆಂಡಿಗೆ ಮುಗಿಯಿತು, ಕೈ ಎತ್ತಲೇಬೇಕು. ಅಸಲಿ ಪಿಟೀಲಿನಂತಿದ್ದೂ ಪಿಟೀಲಲ್ಲದ ಆ ಒದ್ದೆ ಒದ್ದೆ ನಾದ ಕಿವಿಗೆ ಬಿದ್ದರೆ ಅದು ಮೆಲೊಟ್ರಾನ್ ಅಂತ ಗುರುತಿಟ್ಟುಕೊಳ್ಳಿ. ಈ ಕಾಲದ ಆಲ್ಬಂಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಕವರ್ ಬರೆದ ಚಿತ್ರಕಾರ 'ಒಡಿಸ್ಸಿ' ಪದದ ಸ್ಪೆಲ್ಲಿಂಗ್ ತಪ್ಪಿದ. ಹಾಗೆಯೇ ಅಚ್ಚಾಯಿತು. ಆಲ್ಬಂ 1968ರ ಏಪ್ರಿಲ್‌ನಲ್ಲಿ ಹೊರಬರುವ ಹೊತ್ತಿಗೆ ತಂಡವೇ ಒಡೆದು ಹೋಗಿತ್ತು. ಅಲ್ ಕೂಪರ್ ಎಂಬ ಸಂಗೀತಗಾರ ಬೆನ್ನುಬಿದ್ದು ಅಮೆರಿಕದಲ್ಲಿ ಹೊರಡಿಸಿದ ಮೇಲೆ, 1969ರಲ್ಲಿ ಅದರ ಕೊನೆಯ ಹಾಡು ಅಲ್ಲಿನ ಹಿಟ್ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಹಾಡು ಹಿಟ್, ಬ್ಯಾಂಡ್ ಇಲ್ಲ! ಯಾರ್ಯಾರೋ 'ನಾವೇ ಜಾಂಬೀಸ್' ಅಂತ ಊರೂರು ತಿರುಗಿ ದುಡ್ಡು ಮಾಡಿದರು. ಟೆಕ್ಸಸ್‌ನ ಅಂಥ ಒಂದು ನಕಲಿ ತಂಡದಲ್ಲಿದ್ದ ಇಬ್ಬರು ಮುಂದೆ 'ಜೀ ಜೀ ಟಾಪ್' ಎಂಬ ರಾಕ್ ತಂಡ ಸೇರಿ ಅಸಲಿಯಾಗಿಯೇ ದೊಡ್ಡವರಾದರು.

ಆಮೇಲೆ ಲಾಸ್ ಏಂಜಲೀಸ್‌ನ 'ಲವ್' ತಂಡದ 'ಫಾರೆವರ್ ಚೇಂಜಸ್' ಹಾಕಿ. 1967ರದ್ದು. ಅಮೆರಿಕದ ಹಿಟ್ ಆಲ್ಬಂಗಳ ಪಟ್ಟಿಯಲ್ಲಿ 154ನೇ ಸ್ಥಾನದಿಂದ ಮೇಲೆ ಹೋಗಲೇ ಇಲ್ಲ. ತಂಡದ ಹುಡುಗರು ಎಷ್ಟು ಹದಗೆಟ್ಟಿದ್ದರೆಂದರೆ, ಮೊದಲ ದಿನ ಬಾಡಿಗೆ ವಾದಕರನ್ನು ಕರೆಸಿ ಎರಡು ಹಾಡು ಮುಗಿಸಿದರು. ಅದನ್ನು ನೋಡಿ ಇವರಿಗೆ ಮುಖಕ್ಕೆ ನೀರು ಚಿಮುಕಿಸಿದಂತಾಯಿತು. ಉಳಿದದ್ದನ್ನು ತಾವೇ ನುಡಿಸಿದರು. ಗಿಟಾರ್ ಹಿತವಾಗಿದೆ, ಕಹಳೆ ಮದುವೆ ಮನೆಯದ್ದು, ಮಾತು ಮಾತ್ರ ಸಾವಿನದ್ದು. ಹೆಚ್ಚಿನ ಹಾಡು ಬರೆದ ಆರ್ಥರ್ ಲೀಗೆ ಆಗ ಇಪ್ಪತ್ತೆರಡು ವರ್ಷ. ತಾನು ಬೇಗ ಸಾಯುತ್ತೇನೆ ಅಂತಲೇ ನಂಬಿದ್ದ. ಬದುಕಿದ್ದು 2006ರವರೆಗೆ.

ಇದನ್ನು ಒಂದೇ ಸಲ ಕೇಳಿ ತೀರ್ಪು ಕೊಡಬೇಡಿ. ಎರಡನೇ ಸಲ ಹಾಡುವವನನ್ನು ಬಿಟ್ಟು ಬರೀ ಬೇಸ್ ಗಿಟಾರ್ ಹಿಂದೆ ಹೋಗಿ. ಮೂರನೇ ಸಲ ಕಹಳೆ, ಪಿಟೀಲಿನ ಹಿಂದೆ. ಮಧ್ಯೆ ನಾಲ್ಕೈದು ದಿನ ಬಿಡಿ.

3. ಕವರ್ ತಿರುಗಿಸಿ, ಹೆಸರು ಓದಿ

ಆ್ಯಪ್ ತೋರಿಸುವ 'ನಿಮಗೆ ಇದೂ ಇಷ್ಟವಾಗಬಹುದು' ಪಟ್ಟಿಗಿಂತ ಪ್ಲೇಟಿನ ಹಿಂದಿರುವ ಸಣ್ಣಕ್ಷರಗಳನ್ನು ನಾನು ಜಾಸ್ತಿ ನಂಬುತ್ತೇನೆ. ಒಂದು ಉದಾಹರಣೆ ಹೇಳ್ತೀನಿ. ಬೀಟಲ್ಸ್‌ಗೆ 1965ರವರೆಗೆ ರೆಕಾರ್ಡಿಂಗ್ ಎಂಜಿನಿಯರ್ ಆಗಿದ್ದವರು ನಾರ್ಮನ್ ಸ್ಮಿತ್. 1967ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಮೊದಲ ಆಲ್ಬಂಗೆ ಅವರೇ ನಿರ್ಮಾಪಕರು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಅದೇ ಹೆಸರು ಹಿಡಿದು ಮುಂದೆ ಹೋದರೆ ಪ್ರೆಟಿ ಥಿಂಗ್ಸ್ ತಂಡದ 'ಎಸ್.ಎಫ್. ಸಾರೊ' ಸಿಗುತ್ತದೆ. ಬಹಳ ಜನ ಹೆಸರೇ ಕೇಳಿಲ್ಲ.

ಇದು ಒಬ್ಬ ಮನುಷ್ಯನ ಹುಟ್ಟಿನಿಂದ ಮುಪ್ಪಿನವರೆಗಿನ ಕಥೆ. ಹದಿಮೂರು ಹಾಡು. ಹರಿಕಥೆಯಲ್ಲಿ ದಾಸರು ಹಾಡಿನ ಮಧ್ಯೆ ಕಥೆ ಹೇಳುತ್ತಾರಲ್ಲ, ಇಲ್ಲಿ ಆ ಮಾತೆಲ್ಲ ಕವರಿನಲ್ಲಿ ಅಚ್ಚಾಗಿದೆ. ಅದನ್ನು ಓದದೆ ಕೇಳಿದರೆ ತಲೆಬುಡ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಆ ಸಾಲುಗಳನ್ನು ಹುಡುಕಿ ಪಕ್ಕದಲ್ಲಿಟ್ಟುಕೊಳ್ಳಿ. ಇಂಗ್ಲೆಂಡ್‌ನಲ್ಲಿ ಬಂದದ್ದು 1968ರ ಡಿಸೆಂಬರ್. ಅಮೆರಿಕಕ್ಕೆ ಹೋದದ್ದು 1969ರಲ್ಲಿ, ಅದೂ 'ದಿ ಹೂ' ತಂಡದ ಕಥಾ ಆಲ್ಬಂ 'ಟಾಮಿ' ಬಂದ ಮೇಲೆ. ಮೊದಲು ಮಾಡಿದವರನ್ನೇ ಅಲ್ಲಿ ನಕಲು ಅಂದರು.

4. ಇಂಗ್ಲಿಷ್‌ನಿಂದ ಆಚೆ ಬನ್ನಿ

ಮಾತು ಅರ್ಥವಾಗದಿದ್ದರೆ ಹೇಗೆ ಅಂತ ಕೇಳುವವರಿಗೆ ನನ್ನದೊಂದೇ ಪ್ರಶ್ನೆ: ತೆಲುಗು, ತಮಿಳು ಹಾಡೆಲ್ಲ ಅರ್ಥ ಮಾಡಿಕೊಂಡೇ ಕೇಳಿದ್ದಾ?

ಬ್ರೆಜಿಲ್‌ನ ಸಾವೊ ಪೌಲೊದ 'ಓಸ್ ಮುಟಾಂಟೆಸ್' ತಂಡದ 1968ರ ಮೊದಲ ಆಲ್ಬಂ ಹಾಕಿ. ಇಬ್ಬರು ಅಣ್ಣತಮ್ಮಂದಿರು, ಜೊತೆಗೆ ರೀಟಾ ಲೀ. ಮಿಲಿಟರಿ ಆಡಳಿತದ ಕಾಲ. ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆಗಳನ್ನು ಆ ಇಬ್ಬರ ದೊಡ್ಡಣ್ಣ ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಡುತ್ತಿದ್ದ. ಈ ಆಲ್ಬಂನಲ್ಲಿ ಒಂದು ಫ್ರೆಂಚ್ ಹಾಡಿದೆ. ತಾಳಕ್ಕೆ 'ಚುಸ್ ಚುಸ್' ಅನ್ನುವುದು ಸಿಂಬಲ್ ಅಲ್ಲ, ಸೊಳ್ಳೆಗೆ ಹೊಡೆಯುವ ಔಷಧಿ ಪಂಪು. ಮನೆಯಲ್ಲಿ ಫ್ಲಿಟ್ ಹೊಡೆದು ಬೆಳೆದವರಿಗೆ ತಟ್ಟನೆ ಗೊತ್ತಾಗುತ್ತದೆ.

ನಮ್ಮವರೂ ಇದ್ದಾರೆ. ನೃತ್ಯಗಾರ ಉದಯ ಶಂಕರ್ ಅವರ ಮಗ ಆನಂದ ಶಂಕರ್ 1970ರಲ್ಲಿ ಸಿತಾರ್ ಜೊತೆ ಮೂಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಕೂಡಿಸಿ ಅಮೆರಿಕದಲ್ಲಿ ಆಲ್ಬಂ ಮಾಡಿದರು. ನನಗೆ ಅದಕ್ಕಿಂತ 1975ರಲ್ಲಿ ಇಲ್ಲಿ ಬಂದ 'ಆನಂದ ಶಂಕರ್ ಅಂಡ್ ಹಿಸ್ ಮ್ಯೂಸಿಕ್' ಇಷ್ಟ. ಇಪ್ಪತ್ತು ವರ್ಷ ದೂಳು ತಿಂದ ಮೇಲೆ ಲಂಡನ್ನಿನ ಡಿಜೆಗಳು ಎತ್ತಿಕೊಂಡರು. ಟರ್ಕಿಯ ಎರ್ಕಿನ್ ಕೊರಾಯ್, ಜಾಂಬಿಯಾದ 'ವಿಚ್' ತಂಡ ಇವನ್ನೂ ಬರೆದಿಟ್ಟುಕೊಳ್ಳಿ.

5. ಕಷ್ಟದವನ್ನು ಕೊನೆಗೆ ಇಟ್ಟುಕೊಳ್ಳಿ

'ದಿ ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ' ಅನ್ನುವ ಹೆಸರಿನ ತಂಡ 1968ರಲ್ಲಿ ಗಿಟಾರೇ ಇಲ್ಲದೆ ರಾಕ್ ಆಲ್ಬಂ ಮಾಡಿತು. ಬರೀ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು, ಪಿಟೀಲು, ಡ್ರಮ್ಸ್, ಬೇಸ್. ಇದು ಹಗಲಿಗೆ. ಸ್ಕಿಪ್ ಸ್ಪೆನ್ಸ್ ಅವರ 1969ರ 'ಓರ್' ರಾತ್ರಿಗೆ, ಸಣ್ಣ ಸದ್ದಿನಲ್ಲಿ. ಆತ ತಿಂಗಳುಗಟ್ಟಲೆ ನ್ಯೂಯಾರ್ಕ್‌ನ ಮಾನಸಿಕ ಚಿಕಿತ್ಸಾ ವಾರ್ಡ್‌ನಲ್ಲಿದ್ದು, ಹೊರಗೆ ಬಂದು ನ್ಯಾಶ್‌ವಿಲ್‌ಗೆ ಹೋಗಿ, ಎಲ್ಲ ವಾದ್ಯವನ್ನೂ ಒಬ್ಬನೇ ನುಡಿಸಿ ಮಾಡಿದ್ದು. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಗೊಣಗಿಕೊಂಡಂತಿದೆ.

ಕ್ಯಾಪ್ಟನ್ ಬೀಫ್‌ಹಾರ್ಟ್ ತಂಡದ 'ಟ್ರೌಟ್ ಮಾಸ್ಕ್ ರೆಪ್ಲಿಕಾ' ನನಗೆ ಇವತ್ತಿಗೂ ಒಗ್ಗಿಲ್ಲ. ಬಿಟ್ಟೂ ಇಲ್ಲ. ಕಾರಣ ಜಾನ್ ಪೀಲ್.

6. ಒಬ್ಬರ ಕಿವಿ ನಂಬಿ

ಪೀಲ್ 1967ರಲ್ಲಿ ಇಂಗ್ಲೆಂಡ್ ಕರಾವಳಿಯಾಚೆ ಸಮುದ್ರದಲ್ಲಿ ಲಂಗರು ಹಾಕಿದ್ದ ಹಡಗಿನಿಂದ ಮಧ್ಯರಾತ್ರಿ ಹಾಡು ಹಾಕುತ್ತಿದ್ದವರು. ಆ ಆಗಸ್ಟ್‌ನಲ್ಲಿ ಸರ್ಕಾರ ಕಾನೂನು ತಂದು ಇಂಥ ಹಡಗಿನ ರೇಡಿಯೊಗಳ ಕತ್ತು ಹಿಸುಕಿತು. ಅವರು ಬಿಬಿಸಿ ಸೇರಿ 2004ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಲವ್, ಬೀಫ್‌ಹಾರ್ಟ್ ಇಂಗ್ಲೆಂಡ್‌ನ ಬಹಳ ಜನರ ಕಿವಿಗೆ ಬಿದ್ದದ್ದು ಅವರಿಂದ. ನಿಮಗೂ ಅಂಥ ಒಬ್ಬರು ಬೇಕು. ರೇಡಿಯೊದವರೇ ಆಗಬೇಕಿಲ್ಲ, ಪ್ಲೇಟಂಗಡಿಯವರೂ ಆಗಬಹುದು. ಅವರು ಹೇಳಿದ ಮೂರರಲ್ಲಿ ಎರಡು ಹಿಡಿಸಿದರೆ, ಹಿಡಿಸದ ಮೂರನೆಯದನ್ನೂ ಎತ್ತಿಟ್ಟುಕೊಳ್ಳಿ.

ಪ್ಲೇಟು ಕೊಳ್ಳುವ ಮಟ್ಟಕ್ಕೆ ಹೋದರೆ ಹೆಚ್ಚೇನಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಮೊದಲ ಮುದ್ರಣದ ಹುಚ್ಚು ಬೇಡ, ಮರುಮುದ್ರಣ ಸಾಕು. ಮನೆಗೆ ತಂದ ಮೇಲೆ ಅದರ ವೇಗ, ಅಂದರೆ ನಿಮಿಷಕ್ಕೆ ಸುತ್ತುವ ಲೆಕ್ಕ, 33 ಇದೆಯೋ 45 ಇದೆಯೋ ನೋಡಿ ಹಾಕಿ. ಪೀಲ್ ಕೂಡ ಎಷ್ಟೋ ಸಲ ತಪ್ಪು ವೇಗದಲ್ಲಿ ಹಾಕಿದ್ದಾರೆ. ನಾನೂ ಒಂದು ರಾತ್ರಿ ಎಲಿವೇಟರ್ಸ್ ತಂಡದ 45ರ ಪ್ಲೇಟನ್ನು 33ರಲ್ಲಿ ಹಾಕಿ ಕಾಫಿಗೆ ಎದ್ದುಹೋಗಿದ್ದೆ. ಯಾರೂ ಚಕಾರ ಎತ್ತಲಿಲ್ಲ. ಸೈಕೆಡೆಲಿಕ್ ಅಲ್ವಾ, ಹೀಗೇ ಇರುತ್ತದೆ ಅಂದುಕೊಂಡಿರಬೇಕು. ವಾಪಸ್ ಬಂದು ನೋಡಿದರೆ ಒಂದೇ ಒಂದು ಮೆಸೇಜ್, ಅದೇ ನಂಬರಿನಿಂದ:

"ಸರ್, ಕೋಳಿಗೆ ಇವತ್ತು ಹುಷಾರಿಲ್ವಾ?"