ಊರಿಗೆ ಹೊರಡುವ ಮುಂಚೆ: ಪಾಸ್‌ಪೋರ್ಟು, ಓಸಿಐ, ಬೂಸ್ಟು

"ಅಣ್ಣಾ, ನಿಮ್ಮ ಹತ್ರ ಎರಡು ಪಾಸ್‌ಪೋರ್ಟ್ ಇದೆಯಂತೆ, ಹೌದಾ?"

ಪಕ್ಕದ ಮನೆ ಹುಡುಗ ನಿನ್ನೆ ಸಂಜೆ ಜಗಲಿ ಹತ್ತಿದವನೇ ಕೇಳಿದ್ದು ಇದನ್ನು. ಓದಲು ಸೆಪ್ಟೆಂಬರಿಗೆ ಇಂಗ್ಲೆಂಡಿಗೆ ಹೊರಟಿದ್ದಾನೆ. ನಾನು ಅಲ್ಲಿಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಈಗ ರಜೆಗೆಂದು ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೇನೆ. ಹೊರಗೆ ಜುಲೈ ಮಳೆ. ಮೂರು ದಿನದಿಂದ ಕರೆಂಟಿಲ್ಲ. ಬೇರೆ ಕೆಲಸ ಇಲ್ಲದ್ದಕ್ಕೆ ಎರಡು ಗಂಟೆ ಕೂತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿಗೆ ಬಂದು ಒಂದೆರಡು ವರ್ಷವಾದ ನಮ್ಮವರು ಯುಗಾದಿ ಊಟದ ಸಾಲಿನಲ್ಲಿ ನಿಂತು ಕೇಳುವುದೂ ಹೆಚ್ಚುಕಮ್ಮಿ ಇದನ್ನೇ.

"ಎರಡಿದೆ ಮಾರಾಯ, ಒಂದಕ್ಕೆ ಜೀವ ಇಲ್ಲ" ಅಂದೆ. ಒಳಗಿಂದ ತಂದು ತೋರಿಸಿದೆ. ಒಂದು ಭಾರತದ್ದು, ಒಂದು ಬ್ರಿಟನ್ನಿನದು, ಎರಡೂ ನೀಲಿ. ನಮ್ಮಮ್ಮನಿಗೆ ಇವತ್ತಿಗೂ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಆದರೆ ಭಾರತದ್ದರ ಮೂಲೆ ಕತ್ತರಿಸಿದ್ದಾರೆ, ಒಳಗೆ ರದ್ದಾಗಿದೆ ಅಂತ ಮುದ್ರೆ ಒತ್ತಿದ್ದಾರೆ. ಅದು ಈಗ ಹಳೇ ಆಲ್ಬಂ ಇದ್ದ ಹಾಗೆ.

ಮೊದಲು ತಲೆಗೆ ಹೋಗಬೇಕಾದ್ದು ಇದು. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಬ್ರಿಟನ್ನಿಗೆ ಎರಡಾದರೂ ಅಡ್ಡಿಯಿಲ್ಲ, ಭಾರತಕ್ಕೆ ಆಗುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನಾವಾಗಿಯೇ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಯಾರೂ ಪತ್ರ ಬರೆದು ತಿಳಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ವರ್ಷ ಅವಧಿ ಉಳಿದಿದ್ದರೂ ಅಷ್ಟೇ.

ಹಾಗಾದರೆ ಓಸಿಐ, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ', ಏನು? ಹೆಸರಲ್ಲಿ 'ಸಿಟಿಜನ್' ಇದೆ, ಕೆಲಸದಲ್ಲಿ ಅದು ವೀಸಾ. ಜೀವನಪೂರ್ತಿ ಎಷ್ಟು ಸಲ ಬೇಕಾದರೂ ಬಂದುಹೋಗಬಹುದು, ಎಷ್ಟು ದಿನ ಇದ್ದರೂ ಪೊಲೀಸ್ ನೋಂದಣಿಯ ತಲೆಬಿಸಿಯಿಲ್ಲ. ಆದರೆ ಅದೊಂದನ್ನೇ ಹಿಡಿದು ವಿಮಾನ ಹತ್ತಲಾಗುವುದಿಲ್ಲ. ಜೊತೆಗೆ ವಿದೇಶಿ ಪಾಸ್‌ಪೋರ್ಟ್ ಇರಲೇಬೇಕು. ವೋಟು ಇಲ್ಲ. ಕೃಷಿ ಜಮೀನು ಕೊಳ್ಳುವ ಹಾಗಿಲ್ಲ.

ಜಮೀನಿನ ವಿಷಯ ಬಂತಲ್ಲ, ಮಲೆನಾಡಿನವರಿಗೆ ಇದೊಂದು ಬೇರೆಯೇ ಸಂಕಟ. "ಪಕ್ಕದ ತೋಟ ಮಾರಾಟಕ್ಕಿದೆ, ನಿನ್ನ ಹೆಸರಿಗೇ ಮಾಡಿಸೋಣ" ಅಂತ ಅಪ್ಪಯ್ಯ ಪ್ರತಿ ಸಲ ಶುರುಮಾಡುತ್ತಾರೆ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಊರಲ್ಲಿ ಮಾತಿದೆ. ಅದು ರಾಜ್ಯದ ಕಾಯ್ದೆ. ವಿದೇಶಿ ವಿನಿಮಯದ ಕಾಯ್ದೆ ಕೇಂದ್ರದ್ದು, ಅದು ಓಸಿಐ ಇದ್ದವರಿಗೆ ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳಲು ಬಿಡುವುದಿಲ್ಲ. ಹೊರಗಿರುವ ಭಾರತೀಯ ಪಾಸ್‌ಪೋರ್ಟಿನವರಿಗೂ ಇದೇ ಕತೆ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಪ್ಪಯ್ಯನಿಗೆ ಇದನ್ನು ಐದು ಸಲ ಹೇಳಿದ್ದೇನೆ, ಆರನೇ ಸಲ ನಾಳೆ ಹೇಳುವುದಿದೆ.

ಈಗ ಪ್ರಯಾಣದ ವಿಷಯ. ಎಲ್ಲಕ್ಕಿಂತ ಅಪಾಯದ ಕಾಲ ಯಾವುದು ಗೊತ್ತಾ? ಬ್ರಿಟಿಷ್ ಪೌರತ್ವದ ಪ್ರಮಾಣವಚನ ತೆಗೆದುಕೊಂಡ ದಿನದಿಂದ ಓಸಿಐ ಕೈಗೆ ಬರುವವರೆಗಿನ ಸಮಯ. ಸಮಾರಂಭದಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತೇವೆ, ಮನೆಗೆ ಬಂದು ಪಾಯಸ ಮಾಡುತ್ತೇವೆ. ಆ ಕ್ಷಣದಲ್ಲಿ ನಮ್ಮ ಹತ್ತಿರ ಪ್ರಯಾಣಕ್ಕೆ ಆಗುವ ಒಂದೇ ಒಂದು ಕಾಗದ ಇರುವುದಿಲ್ಲ. ಭಾರತದ ಪಾಸ್‌ಪೋರ್ಟ್ ಬಳಸುವ ಹಾಗಿಲ್ಲ. ಆ ಸರ್ಟಿಫಿಕೇಟ್ ಇಟ್ಟುಕೊಂಡು ವಿಮಾನ ಹತ್ತಲು ಆಗುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು, ಅದು ಬಂದ ಮೇಲೆ ಭಾರತದ್ದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, ಆಮೇಲೆ ಓಸಿಐ ಅರ್ಜಿ. ಒಂದರ ಹಿಂದೆ ಒಂದು. ಪ್ರತಿಯೊಂದಕ್ಕೂ ವಾರಗಟ್ಟಲೆ ಕಾಯಬೇಕು.

ನಮ್ಮ ಗೆಳೆಯನೊಬ್ಬ ಮಾರ್ಚಿನಲ್ಲಿ ಪ್ರಮಾಣ ಮಾಡಿದ. ಮೇ ತಿಂಗಳಲ್ಲಿ ಸಾಗರದಲ್ಲಿ ತಂಗಿ ಮದುವೆ. "ಹಳೇ ಪಾಸ್‌ಪೋರ್ಟಲ್ಲೇ ಸುಮ್ನೆ ಹೋಗಿ ಬಂದುಬಿಡ್ತೀನಿ, ಯಾರಿಗೆ ಗೊತ್ತಾಗುತ್ತೆ" ಅಂದ. ಗೊತ್ತಾಗುತ್ತೆ. ಪೌರತ್ವ ಬಂದ ದಿನಾಂಕ ಸರ್ಟಿಫಿಕೇಟಿನ ಮೇಲೇ ಇದೆ. ಪಾಸ್‌ಪೋರ್ಟ್ ಒಪ್ಪಿಸುವಾಗ ಆ ದಿನಾಂಕದ ನಂತರದ ಮುದ್ರೆ ಕಂಡರೆ ದಂಡ ಬೀಳಬಹುದು. ಒಪ್ಪಿಸದೆ ತುಂಬಾ ಕಾಲ ಇಟ್ಟುಕೊಂಡರೂ ದಂಡ. ಬ್ರಿಟಿಷ್ ಪಾಸ್‌ಪೋರ್ಟ್ ಬಂದ ಮೇಲೆ ಅವನಿಗೆ ದಾರಿ ತೋರಿಸಿದ್ದು ಆನ್‌ಲೈನಿನಲ್ಲಿ ಸಿಗುವ ಭಾರತದ ಇ-ವೀಸಾ. ಬ್ರಿಟಿಷ್ ಪಾಸ್‌ಪೋರ್ಟಿಗೆ 2022ರ ಡಿಸೆಂಬರಿನಿಂದ ಅದು ಮತ್ತೆ ಸಿಗುತ್ತಿದೆ. ಹೊರಡುವ ದಿನಕ್ಕಿಂತ ಕನಿಷ್ಠ ನಾಲ್ಕು ದಿನ ಮೊದಲು ಅರ್ಜಿ ಹಾಕಬೇಕು, ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಇರಬೇಕು, ಬಂದದ್ದನ್ನು ಪ್ರಿಂಟ್ ಹಾಕಿ ಇಟ್ಟುಕೊಳ್ಳಬೇಕು. ಮದುವೆ ಹಿಂದಿನ ದಿನ ಸಾಗರ ಮುಟ್ಟಿದ.

ಹಾಗಾಗಿ ನಾನು ಹೇಳುವುದಿಷ್ಟು. ಸಮಾರಂಭದ ಆಹ್ವಾನ ಬಂದ ಮೇಲೆ ಮೂರು ತಿಂಗಳೊಳಗೆ ಹಾಜರಾದರೆ ಸಾಕು. ಊರಲ್ಲಿ ಮದುವೆ, ಉಪನಯನ, ವೈಕುಂಠ ಸಮಾರಾಧನೆ ಏನಿದೆ ನೋಡಿಕೊಂಡು ದಿನ ಹಿಡಿಯಿರಿ. ಬೇಕಿದ್ದರೆ ಮೊದಲು ಊರಿಗೆ ಬಂದು ಹೋಗಿ, ಆಮೇಲೆ ಪ್ರಮಾಣ ಮಾಡಿ.

ಇಲ್ಲಿ ಒಂದು ಹೆಸರಿನ ಗೊಂದಲ ಇದೆ. ಬ್ರಿಟನ್ ತನ್ನಲ್ಲಿರುವ ವಿದೇಶಿಯರಿಗೆ ಕೊಡುವ ಆನ್‌ಲೈನ್ ಅನುಮತಿಗೂ ಇ-ವೀಸಾ ಅಂತಲೇ ಹೆಸರು. ಅದು ಬೇರೆ, ಭಾರತದ್ದು ಬೇರೆ. ಹೊಸದಾಗಿ ಬಂದವರು ಬ್ರಿಟನ್ನಿನದರ ಕಡೆ ಗಮನ ಕೊಡಿ. ಭಾರತದ ಪಾಸ್‌ಪೋರ್ಟ್ ನವೀಕರಿಸಿದಾಗಲೆಲ್ಲ ಹೊಸ ನಂಬರನ್ನು ಆ ಖಾತೆಗೆ ಸೇರಿಸಬೇಕು. ಮರೆತರೆ ಬೆಂಗಳೂರಿನ ಕೌಂಟರಿನಲ್ಲಿ ನಿಮ್ಮ ವೀಸಾ ಕಾಣಿಸುವುದಿಲ್ಲ ಅಂತಾರೆ, ಆಗ ಬೆವರುತ್ತೀರಿ.

ಮಕ್ಕಳ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಇಬ್ಬರೂ ಕೆಲಸದ ವೀಸಾದಲ್ಲಿದ್ದಾಗ ಬ್ರಿಟನ್ನಿನಲ್ಲಿ ಮಗು ಹುಟ್ಟಿದರೆ ಅದು ಬ್ರಿಟಿಷ್ ಅಲ್ಲ. ಒಂದು ವರ್ಷದೊಳಗೆ ನಮ್ಮ ಹೈಕಮಿಷನ್ನಿನಲ್ಲಿ ಹುಟ್ಟು ನೋಂದಾಯಿಸಿ ಭಾರತದ ಪಾಸ್‌ಪೋರ್ಟ್ ಮಾಡಿಸಬೇಕು. ಆದರೆ ಅಪ್ಪ ಅಮ್ಮನಲ್ಲಿ ಒಬ್ಬರಿಗಾದರೂ ಐಎಲ್‌ಆರ್, ಅಂದರೆ ಕಾಯಂ ಇರುವ ಅನುಮತಿ ಸಿಕ್ಕ ಮೇಲೆ ಹುಟ್ಟಿದ ಮಗು ಹುಟ್ಟಿನಿಂದಲೇ ಬ್ರಿಟಿಷ್. ಅರ್ಜಿ ಹಾಕುವುದೇ ಬೇಡ. ಅಪ್ಪ ಅಮ್ಮ ಇನ್ನೂ ಭಾರತೀಯರೇ ಆಗಿದ್ದರೆ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಟ್ಟು ಭಾರತದ್ದನ್ನೂ ಮಾಡಿಸಬಹುದು. ಆ ಮಗು ಮಾತ್ರ ನಿಜವಾಗಿ ಎರಡು ದೇಶದ್ದು. ಅದೂ ದೊಡ್ಡದಾಗುವವರೆಗೆ. ಹದಿನೆಂಟು ತುಂಬಿ ಆರು ತಿಂಗಳೊಳಗೆ ಇನ್ನೊಂದನ್ನು ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ.

"ಅಜ್ಜಿ ಮನೆಗೆ ಹೋಗಲು ಭಾರತದ ಪಾಸ್‌ಪೋರ್ಟೇ ಸುಲಭ, ವೀಸಾ ಬೇಡ" ಅಂತ ಹಾಗೆ ಮಾಡಿದವರು ತುಂಬಾ ಜನ. ಹೋಗುವುದು ಸುಲಭ. ವಾಪಸು ಬರುವುದು? ಮಗು ಬ್ರಿಟಿಷ್ ಆದ್ದರಿಂದ ಅದಕ್ಕೆ ಬ್ರಿಟನ್ ವೀಸಾ ಕೊಡುವುದಿಲ್ಲ. 2026ರ ಫೆಬ್ರವರಿ 25ರಿಂದ ನಿಯಮ ಬಿಗಿಯಾಗಿದೆ. ಎರಡು ಪೌರತ್ವದ ಬ್ರಿಟಿಷರು ಬ್ರಿಟಿಷ್ ಪಾಸ್‌ಪೋರ್ಟನ್ನಾಗಲಿ, ಇನ್ನೊಂದು ದೇಶದ ಪಾಸ್‌ಪೋರ್ಟಿನ ಜೊತೆ ಬ್ರಿಟನ್ನಿನಲ್ಲಿ ಇರುವ ಹಕ್ಕಿದೆ ಅನ್ನುವ ಪ್ರಮಾಣಪತ್ರವನ್ನಾಗಲಿ ತೋರಿಸಬೇಕು. ಇಲ್ಲದಿದ್ದರೆ ವಿಮಾನ ಹತ್ತಿಸಿಕೊಳ್ಳುವುದಿಲ್ಲ. ಆ ಪ್ರಮಾಣಪತ್ರಕ್ಕೆ ಐನೂರು ಪೌಂಡಿಗೂ ಜಾಸ್ತಿ. ಹಾಗಾಗಿ ಮಗುವಿಗೆ ಬೇಗ ಬ್ರಿಟಿಷ್ ಪಾಸ್‌ಪೋರ್ಟ್, ಅದರ ಬೆನ್ನಿಗೆ ಓಸಿಐ. ಈಗಾಗಲೇ ಭಾರತದ್ದು ಮಾಡಿಸಿದ್ದರೆ ಅದನ್ನು ಒಪ್ಪಿಸಬೇಕು. ಓಸಿಐ ಅರ್ಜಿಗೆ ಸಹಿ ಬಾರದ ಕೂಸಿನ ಹೆಬ್ಬೆಟ್ಟು ಒತ್ತಿಸಬೇಕು. ನನ್ನ ಮಗಳದ್ದು ಒತ್ತಿಸಲು ಅರ್ಧ ಗಂಟೆ, ಮಸಿಯೆಲ್ಲ ಸೋಫಾಕ್ಕೆ.

ಬೇರೆ ದೇಶದಲ್ಲಿರುವವರಿಗೂ ಲೆಕ್ಕ ಹೆಚ್ಚುಕಮ್ಮಿ ಒಂದೇ. ಅಮೆರಿಕ ತನ್ನ ಪೌರರು ಅಮೆರಿಕದ ಪಾಸ್‌ಪೋರ್ಟಿನಲ್ಲೇ ಬಂದುಹೋಗಬೇಕು ಅನ್ನುತ್ತದೆ. ಕೆನಡಾ 2016ರ ನವೆಂಬರಿನಿಂದ ಹಾಗೇ. ಕೆನಡಾ, ಬ್ರಿಟನ್ ಎರಡರ ಪೌರತ್ವವೂ ಇರುವವರು ಆಯಾ ದೇಶಕ್ಕೆ ಆಯಾ ಪಾಸ್‌ಪೋರ್ಟ್ ತೋರಿಸಿ, ಭಾರತಕ್ಕೆ ಮಾತ್ರ ಓಸಿಐ ಯಾವುದರ ಮೇಲೆ ಮಾಡಿಸಿದೆಯೋ ಅದನ್ನೇ ತೋರಿಸಿ.

ಓಸಿಐ ಒಂದು ಸಲ ಸಿಕ್ಕಿತು ಅಂತ ಕಪಾಟಿಗೆ ಹಾಕಿ ಮರೆಯಬೇಡಿ. ಇಪ್ಪತ್ತು ವರ್ಷ ತುಂಬುವವರೆಗೆ ಪ್ರತಿ ಸಲ ಹೊಸ ಪಾಸ್‌ಪೋರ್ಟ್ ಬಂದಾಗಲೂ, ಐವತ್ತು ತುಂಬಿದ ಮೇಲೆ ಒಂದು ಸಲವೂ, ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೋವನ್ನು ಮೂರು ತಿಂಗಳೊಳಗೆ ಅಪ್‌ಲೋಡ್ ಮಾಡಬೇಕು. ಇದಕ್ಕೆ ದುಡ್ಡಿಲ್ಲ. ಇಪ್ಪತ್ತರ ಒಳಗೆ ಓಸಿಐ ಪಡೆದವರು, ಇಪ್ಪತ್ತು ದಾಟಿ ಹೊಸ ಪಾಸ್‌ಪೋರ್ಟ್ ಬಂದಾಗ ಕಾರ್ಡನ್ನೇ ಒಂದು ಸಲ ಬದಲಾಯಿಸಬೇಕು. ಹಳೇ ಪಾಸ್‌ಪೋರ್ಟನ್ನು ಜೊತೆಗೆ ಒಯ್ಯಬೇಕೆಂಬ ನಿಯಮ 2021ರಲ್ಲೇ ಹೋಯಿತು. ಆದರೂ ಒಯ್ಯಿರಿ. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಅಪ್ಪಯ್ಯ ತೋಟದ ಕಾಲುಸಂಕದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ ರಾತ್ರಿ ಎರಡು ಗಂಟೆಗೆ ತಮ್ಮನ ಫೋನು. ಬೆಳಿಗ್ಗೆ ಸಿಕ್ಕ ಟಿಕೆಟ್ ತೆಗೆದುಕೊಂಡು ಮೂವರೂ ಹೊರಟೆವು. ಚೆಕ್-ಇನ್ ಕೌಂಟರಿನ ಹುಡುಗಿ ಮಗಳ ಓಸಿಐ ಪುಸ್ತಕ ತೆರೆದಳು, ಪಾಸ್‌ಪೋರ್ಟ್ ನೋಡಿದಳು, ಮತ್ತೆ ಓಸಿಐ ನೋಡಿದಳು. ನಂಬರ್ ತಾಳೆಯಾಗುತ್ತಿಲ್ಲ. ಹೊಸ ಪಾಸ್‌ಪೋರ್ಟನ್ನು ನಾವು ಅಪ್‌ಲೋಡ್ ಮಾಡಿದ್ದೆವು, ಅದರ ಇಮೇಲ್ ತೋರಿಸಿದೆ. ಅವಳು ಸೂಪರ್‌ವೈಸರನ್ನು ಕರೆದಳು. ಅವನು ಇನ್ನೊಬ್ಬನಿಗೆ ಫೋನ್ ಮಾಡಿದ. ನಲವತ್ತು ನಿಮಿಷ. ಹಿಂದಿನ ಸಾಲು ಪೂರ್ತಿ ಖಾಲಿಯಾಯಿತು. ಕೊನೆಗೆ ಹೆಂಡತಿ ಕೈಚೀಲದ ತಳದಿಂದ ಮಗಳ ಹಳೇ ಪಾಸ್‌ಪೋರ್ಟ್ ತೆಗೆದು ಕೌಂಟರಿನ ಮೇಲಿಟ್ಟಳು. ಎರಡು ನಿಮಿಷದಲ್ಲಿ ಬೋರ್ಡಿಂಗ್ ಪಾಸ್ ಬಂತು. ಅಲ್ಲಿ ನಿಂತು ನಿಯಮ ವಾದಿಸಿ ಗೆಲ್ಲಬಹುದು, ಅಷ್ಟರಲ್ಲಿ ವಿಮಾನ ಹೋಗಿರುತ್ತದೆ.

ಹೆಸರಿನದ್ದೂ ಒಂದು ರಗಳೆ. ನಮ್ಮಲ್ಲಿ ಇನಿಶಿಯಲ್ ಹಾಕಿ ಮುಗಿಸುತ್ತೇವೆ, ಸರ್‌ನೇಮ್ ಜಾಗ ಖಾಲಿ ಬಿಡುತ್ತೇವೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ! ಪೌರತ್ವದ ಅರ್ಜಿಗೆ ಮೊದಲೇ ಭಾರತದ ಪಾಸ್‌ಪೋರ್ಟಿನಲ್ಲಿ ಹೆಸರು ಸರಿಮಾಡಿಸಿಕೊಳ್ಳಿ. ಮುಂದೆ ಬರುವ ಎಲ್ಲ ಕಾಗದವೂ ಅದನ್ನೇ ಹಿಂಬಾಲಿಸುತ್ತದೆ. ಟಿಕೆಟಿನಲ್ಲೂ ಅದೇ ಹೆಸರು.

ಬಂದಿಳಿಯುವುದು ಸುಲಭ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರಲ್ಲಿ ಶುರುವಾದರೂ ಅಲ್ಲಿಗೆ ವಿದೇಶದ ವಿಮಾನ ಬರುವುದಿಲ್ಲ. ಇಮಿಗ್ರೇಷನ್ ಬೆಂಗಳೂರಿನಲ್ಲೇ, ಇಲ್ಲವೇ ಗಲ್ಫ್ ಮೇಲೆ ಬಂದರೆ ಮಂಗಳೂರಿನಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಿಂದ ಭಾರತೀಯರಿಗೂ ಓಸಿಐನವರಿಗೂ ಫಾಸ್ಟ್ ಟ್ರ್ಯಾಕ್ ಗೇಟು ಇದೆ. ಮೊದಲೇ ನೋಂದಾಯಿಸಿಕೊಂಡಿರಬೇಕು. ಆಗುಂಬೆ, ಸಕಲೇಶಪುರದ ಕಡೆ ಹೋಂಸ್ಟೇ ಹಿಡಿದರೆ ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ. "ನಾನೂ ಈ ಊರವನೇ ಅಲ್ವಾ" ಅಂತ ಅವರ ಮೇಲೆ ರೇಗಬೇಡಿ. ವಿದೇಶಿ ಪಾಸ್‌ಪೋರ್ಟಿನವರು ಉಳಿದರೆ ಅವರು ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು.

ಇನ್ನು ಯಾವ ಸರ್ಕಾರಿ ವೆಬ್‌ಸೈಟಿನಲ್ಲೂ ಇಲ್ಲದ ಒಂದು ಮಾತು. ಮಲೆನಾಡಿನ ಮಳೆಗಾಲಕ್ಕೆ ಪಾಸ್‌ಪೋರ್ಟ್ ಅಂದರೆ ಬರೀ ಕಾಗದ. ಒಂದು ವರ್ಷ ಜೂನಿನಲ್ಲಿ ಬಂದು ಆರು ವಾರ ಇದ್ದೆವು. ಎಲ್ಲ ಪುಸ್ತಕಗಳನ್ನೂ ಗೋಡೆಗೆ ಆನಿಸಿದ ಮರದ ಕಪಾಟಿನಲ್ಲಿ, ಸೀರೆಗಳ ನಡುವೆ ಭದ್ರವಾಗಿ ಇಟ್ಟಿದ್ದೆವು. ಹೊರಡುವ ಹಿಂದಿನ ದಿನ ತೆಗೆದರೆ ಹೆಂಡತಿಯ ಓಸಿಐ ಮೇಲೆ ಬೂದಿ ಬಣ್ಣದ ಬೂಸ್ಟು. ಒರೆಸಿದರೆ ಹೋಯಿತು, ಆದರೆ ಒಳಗೆ ಎರಡು ಹಾಳೆ ಅಂಟಿಕೊಂಡಿದ್ದವು. ಬಿಡಿಸಲು ಹೋಗಿ ಅಕ್ಷರ ಎದ್ದುಬಂತು. ಹಾಳಾದ ಕಾರ್ಡ್ ಅಂತ ಹೊಸದಕ್ಕೆ ಮತ್ತೆ ಅರ್ಜಿ, ಮತ್ತೆ ಫೀಸು, ಮತ್ತೆ ಚೌಕ ಫೋಟೋ.

ಈ ಸಲ ಅಮ್ಮ ನಮ್ಮ ಕೈಯಿಂದ ಎಲ್ಲ ಇಸಿದುಕೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟಿದ್ದಾರೆ. ಮೂರು ಪಾಸ್‌ಪೋರ್ಟು, ಮೂರು ಓಸಿಐ, ಮಗಳ ಹಳೇದೊಂದು. ದಿನಾ ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಕೈ ಹಾಕಿ ಮುಟ್ಟಿ ನೋಡುತ್ತಾರೆ.