ಹಾಯಿದೋಣಿಗೆ ಮಡಚುವ ಪ್ರೊಪೆಲರೋ, ಹೊರಳುವ ಪ್ರೊಪೆಲರೋ: ಆಯ್ಕೆ ಮಾಡುವ ಬಗೆ

ಹಾಯಿಗೆ ಗಾಳಿ ತುಂಬಿ ಎಂಜಿನ್ ಆರಿಸಿದ ಮೇಲೂ ದೋಣಿಯ ತಳದಲ್ಲಿ ಪ್ರೊಪೆಲರ್ ನೀರಿಗೆ ಅಡ್ಡವಾಗಿ ನಿಂತೇ ಇರುತ್ತದೆ. ಮೂರು ರೆಕ್ಕೆಗಳ ಸ್ಥಿರ ಪ್ರೊಪೆಲರ್ ಹೀಗೆ ಒಡ್ಡುವ ತಡೆಯಿಂದ ಮಧ್ಯಮ ಗಾತ್ರದ ಹಾಯಿದೋಣಿ ಅರ್ಧ ನಾಟ್‌ನಷ್ಟು (ಗಂಟೆಗೆ ಅರ್ಧ ನಾಟಿಕಲ್ ಮೈಲಿ) ವೇಗವನ್ನು ಸುಲಭವಾಗಿ ಕಳೆದುಕೊಳ್ಳುತ್ತದೆ. ಹಗಲಿರುಳು ಸಾಗುವ ದೋಣಿಗೆ ಅದು ದಿನಕ್ಕೆ 12 ನಾಟಿಕಲ್ ಮೈಲಿಗಳ ನಷ್ಟ.

ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ. ಫೋಲ್ಡಿಂಗ್ ಪ್ರೊಪೆಲರ್‌ನ ರೆಕ್ಕೆಗಳನ್ನು ಹಬ್‌ಗೆ, ಎಂದರೆ ಪ್ರೊಪೆಲರ್‌ನ ನಡುಭಾಗಕ್ಕೆ, ಪಿನ್ನುಗಳಿಂದ ಜೋಡಿಸಿರುತ್ತಾರೆ. ಹಾಯಿಯ ಬಲದಲ್ಲಿ ಸಾಗುವಾಗ ಅವು ನೀರಿನ ಒತ್ತಡಕ್ಕೆ ಹಿಂದಕ್ಕೆ ಬಾಗಿ ಮೊಗ್ಗಿನಂತೆ ಮುಚ್ಚಿಕೊಳ್ಳುತ್ತವೆ, ಎಂಜಿನ್‌ನಿಂದ ಪ್ರೊಪೆಲರ್‌ಗೆ ಬರುವ ದಂಡ (ಶಾಫ್ಟ್) ತಿರುಗಿದಾಗ ಕೇಂದ್ರಾಪಗಾಮಿ ಬಲದಿಂದ ಅರಳುತ್ತವೆ. ಫೆದರಿಂಗ್ ಪ್ರೊಪೆಲರ್‌ನ ರೆಕ್ಕೆಗಳು ಮಡಚುವುದಿಲ್ಲ. ಪ್ರತಿಯೊಂದೂ ತನ್ನದೇ ಅಕ್ಷದ ಸುತ್ತ ಹೊರಳಿ, ತನ್ನ ಅಂಚನ್ನು ಹರಿವಿಗೆ ಒಡ್ಡಿ ನಿಲ್ಲುತ್ತದೆ.

ಮೊದಲ ಹೆಜ್ಜೆ: ರಿವರ್ಸ್ ಗೇರ್ ಬಗ್ಗೆ ಯೋಚಿಸಿ

ಹೆಚ್ಚಿನವರು ಹಾಯಿಯಲ್ಲಿ ಎಷ್ಟು ವೇಗ ಸಿಗುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಆದರೆ ಎರಡೂ ಬಗೆಗಳು ಸ್ಥಿರ ಪ್ರೊಪೆಲರ್‌ನ ತಡೆಯ ಬಹುಪಾಲನ್ನು ಇಲ್ಲವಾಗಿಸುತ್ತವೆ. ಮಡಚಿದ ಪ್ರೊಪೆಲರ್‌ನದು ಇನ್ನೂ ಸ್ವಲ್ಪ ಕಡಿಮೆ, ಅಷ್ಟೆ. ನಿಜವಾದ ವ್ಯತ್ಯಾಸ ಕಾಣುವುದು ಬಂದರಿನೊಳಗೆ, ದೋಣಿಯನ್ನು ನಿಲ್ಲಿಸಬೇಕಾದ ಆ ಕೆಲವು ಸೆಕೆಂಡುಗಳಲ್ಲಿ. ಆದ್ದರಿಂದ ನಿರ್ಧಾರ ಅಲ್ಲಿಂದಲೇ ಹೊರಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಫೋಲ್ಡಿಂಗ್ ಪ್ರೊಪೆಲರ್ ಹಿಂದಕ್ಕೆ ತಿರುಗುವಾಗ ಅದರ ನೂಕುಬಲವೇ ರೆಕ್ಕೆಗಳನ್ನು ಮುಚ್ಚಲು ಯತ್ನಿಸುತ್ತದೆ, ಕೇಂದ್ರಾಪಗಾಮಿ ಬಲ ಮಾತ್ರ ಅವುಗಳನ್ನು ತೆರೆದಿಡುತ್ತದೆ. ಹಾಗಾಗಿ ಎಂಜಿನ್‌ನ ವೇಗವನ್ನು ಹೆಚ್ಚಿಸಬೇಕಾಗುತ್ತದೆ, ದೋಣಿ ಪ್ರತಿಕ್ರಿಯಿಸುವುದು ಒಂದೆರಡು ಕ್ಷಣ ತಡವಾಗುತ್ತದೆ. ಫೆದರಿಂಗ್ ಪ್ರೊಪೆಲರ್‌ನಲ್ಲಿ ರಿವರ್ಸ್ ಗೇರ್ ಹಾಕಿದೊಡನೆ ರೆಕ್ಕೆಗಳು ಹೊರಳಿಕೊಂಡು, ಮುಂದೆ ಸಾಗುವಾಗ ನೀರನ್ನು ಸೀಳುತ್ತಿದ್ದ ಅಂಚೇ ಈಗಲೂ ನೀರನ್ನು ಸೀಳುವಂತೆ ನಿಲ್ಲುತ್ತವೆ. ಇದರಿಂದ ಹಿಂದಕ್ಕೆ ಸಿಗುವ ಬಲ ಮುಂದಿನದಕ್ಕೆ ಬಹುಮಟ್ಟಿಗೆ ಸಮವಾಗಿರುತ್ತದೆ. ಆದರೆ ಹೀಗೆ ಹೊರಳಬೇಕಾದ ಕಾರಣಕ್ಕೆ ಹೆಚ್ಚಿನ ಫೆದರಿಂಗ್ ಮಾದರಿಗಳ ರೆಕ್ಕೆಗಳು ಚಪ್ಪಟೆಯಾಗಿರುತ್ತವೆ. ಫೋಲ್ಡಿಂಗ್ ರೆಕ್ಕೆಗಳಿಗೆ ಸ್ಥಿರ ಪ್ರೊಪೆಲರ್‌ನಂತೆಯೇ ತಿರುಚಿದ ಆಕಾರ ಕೊಡಬಹುದಾದ್ದರಿಂದ ಮುಂದಕ್ಕೆ ಸಾಗುವಾಗ ಅವು ಹೆಚ್ಚು ಸಮರ್ಥ.

ಇಕ್ಕಟ್ಟಾದ ಬಂದರುಗಳಲ್ಲಿ ಭಾರವಾದ ದೋಣಿಯನ್ನು ಮೇಲಿಂದ ಮೇಲೆ ಹಿಂದಕ್ಕೆ ನಡೆಸುವವರಿಗೆ ಫೆದರಿಂಗ್ ಬಗೆ ಒಪ್ಪುತ್ತದೆ. ಹಗುರವಾದ ದೋಣಿಯವರಿಗೆ, ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗೆ, ಗಂಟೆಗಟ್ಟಲೆ ಎಂಜಿನ್‌ನಲ್ಲೇ ಮುಂದೆ ಸಾಗುವವರಿಗೆ ಫೋಲ್ಡಿಂಗ್ ಸೂಕ್ತ.

ಎರಡನೆಯ ಹೆಜ್ಜೆ: ದೋಣಿಯ ತಳವನ್ನು ಅಳೆಯಿರಿ

ದೋಣಿಯನ್ನು ನೀರಿನಿಂದ ಮೇಲೆತ್ತಿದಾಗ ಈ ಕೆಲಸ ಮುಗಿಸಿಕೊಳ್ಳಿ. ರೆಕ್ಕೆಯ ತುದಿಗೂ ದೋಣಿಯ ತಳಕ್ಕೂ ನಡುವೆ ಪ್ರೊಪೆಲರ್ ವ್ಯಾಸದ ಶೇಕಡಾ 10ರಿಂದ 15ರಷ್ಟು ಅಂತರ ಇರಬೇಕು. ಕಡಿಮೆಯಾದರೆ ಕಂಪನ ಶುರುವಾಗುತ್ತದೆ. ಫೋಲ್ಡಿಂಗ್ ರೆಕ್ಕೆಗಳು ಮುಚ್ಚಿದಾಗ ಹಿಂದಕ್ಕೆ ಚಾಚಿಕೊಳ್ಳುವುದರಿಂದ ಚುಕ್ಕಾಣಿಗೆ ತಾಗುತ್ತವೆಯೇ ಎಂಬುದನ್ನೂ ನೋಡಬೇಕು. ಕೀಲ್ (ದೋಣಿಯ ತಳದಿಂದ ಕೆಳಗೆ ಇಳಿಯುವ ಭಾಗ) ಮತ್ತು ಚುಕ್ಕಾಣಿಯ ನಡುವಿನ ಕಿಂಡಿಯಲ್ಲಿ ಪ್ರೊಪೆಲರ್ ಇರುವ ಉದ್ದ ಕೀಲ್‌ನ ದೋಣಿಗಳಲ್ಲಿ ಅಷ್ಟು ಜಾಗ ಸಾಮಾನ್ಯವಾಗಿ ಸಿಗದು. ಅಲ್ಲಿ ಫೆದರಿಂಗ್ ಬಗೆಯೇ ಹೊಂದುತ್ತದೆ. ಇಂಥ ದೋಣಿಗಳಲ್ಲಿ ಎರಡು ರೆಕ್ಕೆಯ ಸ್ಥಿರ ಪ್ರೊಪೆಲರ್ ಇದ್ದರೆ, ಶಾಫ್ಟ್‌ಗೆ ಒಂದು ಗುರುತು ಹಾಕಿಕೊಂಡು, ರೆಕ್ಕೆಗಳು ಕೀಲ್‌ನ ಹಿಂದೆ ನೆಟ್ಟಗೆ ಮರೆಯಾಗುವಂತೆ ನಿಲ್ಲಿಸಿದರೂ ತಡೆ ಗಮನಾರ್ಹವಾಗಿ ಇಳಿಯುತ್ತದೆ. ಹಣ ತೊಡಗಿಸುವ ಮೊದಲು ಇದನ್ನೊಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಶಾಫ್ಟ್‌ನ ವ್ಯಾಸದ ಜೊತೆಗೆ ಅದರ ತುದಿಯ ಇಳಿಜಾರನ್ನೂ (ತುದಿಯ ಕಡೆಗೆ ಅದು ಕಿರಿದಾಗುವ ಪ್ರಮಾಣ) ಬರೆದುಕೊಳ್ಳಿ. ಮೆಟ್ರಿಕ್ ಶಾಫ್ಟ್‌ಗಳಲ್ಲಿ ಅದು 1:10, ಅಮೆರಿಕದ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ಗೊತ್ತುಪಡಿಸಿದ ಮಾನದ ಶಾಫ್ಟ್‌ಗಳಲ್ಲಿ 1:16. ಒಂದಕ್ಕೆ ಮಾಡಿದ ಹಬ್ ಇನ್ನೊಂದಕ್ಕೆ ಕೂರುವುದಿಲ್ಲ. ಉದ್ದ ಶಾಫ್ಟ್‌ನ ಬದಲು ತಳದಿಂದ ನೆಟ್ಟಗೆ ಕೆಳಗಿಳಿಯುವ ಕಾಲಿನಂಥ ಚಾಲಕ ಘಟಕ (ಸೇಲ್‌ಡ್ರೈವ್) ಇರುವ ದೋಣಿಗಳಿಗೆ ಹಬ್ಬೇ ಬೇರೆ.

ಮೂರನೆಯ ಹೆಜ್ಜೆ: ಪಿಚ್ ಲೆಕ್ಕ

ಒಂದು ಸುತ್ತಿಗೆ ಪ್ರೊಪೆಲರ್ ಜಾರದೆ ಮುಂದೆ ಸಾಗಬಹುದಾದ ದೂರವೇ ಪಿಚ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದು, ಗೇರ್‌ಬಾಕ್ಸ್ ಅದನ್ನು 2.5:1ರ ಪ್ರಮಾಣದಲ್ಲಿ ಇಳಿಸಿದರೆ ಶಾಫ್ಟ್ 1200 ಸುತ್ತು ತಿರುಗುತ್ತದೆ. ಪಿಚ್ 10 ಅಂಗುಲವಾದರೆ ನಿಮಿಷಕ್ಕೆ 1000 ಅಡಿ, ಎಂದರೆ ಗಂಟೆಗೆ 60,000 ಅಡಿ. ನಾಟಿಕಲ್ ಮೈಲಿಗೆ 6076 ಅಡಿಯಂತೆ ಇದು ಸುಮಾರು 9.9 ನಾಟ್. ಹಾಯಿದೋಣಿಗಳಲ್ಲಿ ಜಾರಿಕೆ ಶೇಕಡಾ 40ರ ಆಸುಪಾಸಿನಲ್ಲಿರುವುದು ಸಾಮಾನ್ಯವಾದ್ದರಿಂದ ವಾಸ್ತವದಲ್ಲಿ ಸಿಗುವುದು 6 ನಾಟ್‌ನಷ್ಟು. ತಯಾರಕರು ಕೊಡುವ ಅಂಕಿಗಳನ್ನು ಈ ಲೆಕ್ಕದೊಂದಿಗೆ ಹೋಲಿಸಿ. ತಿರುಗುವ ದಿಕ್ಕು ಬಲವೋ ಎಡವೋ ಎಂಬುದನ್ನು ಮರೆಯದೆ ತಿಳಿಸಿ. ಅನೇಕ ಫೆದರಿಂಗ್ ಮಾದರಿಗಳಲ್ಲಿ ಪಿಚ್ಚನ್ನು ಆಮೇಲೂ ಬದಲಿಸಬಹುದು, ಫೋಲ್ಡಿಂಗ್‌ನಲ್ಲಿ ಸಾಮಾನ್ಯವಾಗಿ ರೆಕ್ಕೆಗಳನ್ನೇ ಬದಲಿಸಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಬಳಕೆ ಮತ್ತು ಆರೈಕೆ

ಫೆದರಿಂಗ್ ಪ್ರೊಪೆಲರ್‌ನ ಹಬ್ಬಿನೊಳಗೆ ಗೇರ್‌ಗಳಿರುವುದರಿಂದ, ಹೆಚ್ಚಿನ ಮಾದರಿಗಳಿಗೆ ನೀರಿಗೆ ಕರಗದ ಗ್ರೀಸನ್ನು ನಿಯತವಾಗಿ ತುಂಬಬೇಕು. ಫೋಲ್ಡಿಂಗ್‌ನಲ್ಲಿ ಈ ಶ್ರಮವಿಲ್ಲ, ಪಿನ್ನು ಮತ್ತು ರೆಕ್ಕೆಗಳ ಬುಡದ ಹಲ್ಲುಗಳು ಸವೆದು ಸಡಿಲವಾಗಿವೆಯೇ ಎಂದು ನೋಡಿದರೆ ಸಾಕು. ಪ್ರೊಪೆಲರ್‌ನ ಲೋಹದ ಬದಲು ತಾನು ಸವೆಯಲೆಂದು ಜೋಡಿಸಿದ ಸತುವಿನ ತುಂಡು (ಆನೋಡ್) ಅರ್ಧದಷ್ಟು ಕರಗಿದಾಗಲೇ ಬದಲಿಸಬೇಕು. ತಡಮಾಡಿದರೆ ಕಂಚಿನ ಹಬ್ಬೇ ಸವೆಯತೊಡಗುತ್ತದೆ. ಚಿಪ್ಪುಜೀವಿಗಳು ಅಂಟಿಕೊಂಡರೆ ಎರಡೂ ಬಗೆಯ ರೆಕ್ಕೆಗಳು ಪೂರ್ತಿ ಮುಚ್ಚುವುದಿಲ್ಲ, ಪೂರ್ತಿ ತೆರೆಯುವುದೂ ಇಲ್ಲ.

ಹಾಯಿ ಏರಿಸಿದ ಮೇಲೆ ಗೇರನ್ನು ಮೊದಲು ನ್ಯೂಟ್ರಲ್‌ಗೆ ತಂದು ಎಂಜಿನ್ ನಿಲ್ಲಿಸಿದರೆ ಫೆದರಿಂಗ್ ರೆಕ್ಕೆಗಳು ಹೊರಳದೆ ಶಾಫ್ಟ್ ಸುಮ್ಮನೆ ಸುತ್ತುತ್ತಿರಬಹುದು. ನಿಧಾನವಾಗಿ ಮುಂದೆ ಸಾಗುತ್ತಿರುವಾಗ ಗೇರ್ ಹಾಗೆಯೇ ಇರಲು ಬಿಟ್ಟು ಎಂಜಿನ್ ಆರಿಸಿದರೆ ಶಾಫ್ಟ್ ನಿಂತು ರೆಕ್ಕೆಗಳು ಹರಿವಿಗೆ ಹೊರಳಿಕೊಳ್ಳುತ್ತವೆ. ನಂತರ ಗೇರ್ ಯಾವ ಸ್ಥಾನದಲ್ಲಿರಬೇಕು ಎಂಬುದು ಗೇರ್‌ಬಾಕ್ಸ್ ಕೈಪಿಡಿಯಲ್ಲಿರುತ್ತದೆ, ಅದನ್ನೇ ಪಾಲಿಸಿ.

ಕೊನೆಯದು ಪರೀಕ್ಷೆ. ಶಾಂತ ನೀರಿನಲ್ಲಿ, ತಳ ಸ್ವಚ್ಛವಾಗಿರುವಾಗ, ಥ್ರಾಟಲ್ ಪೂರ್ತಿ ತೆರೆದರೆ ಎಂಜಿನ್ ತನ್ನ ನಿಗದಿತ ಗರಿಷ್ಠ ಸುತ್ತುಗಳನ್ನು ಮುಟ್ಟಬೇಕು. ಮುಟ್ಟದೆ ಕಪ್ಪು ಹೊಗೆ ಬಂದರೆ ಪಿಚ್ ಹೆಚ್ಚಾಗಿದೆ, ಸಲೀಸಾಗಿ ಮೀರಿ ಹೋದರೆ ಕಡಿಮೆಯಾಗಿದೆ. ಆಮೇಲೆ ದೋಣಿಯನ್ನು 4 ನಾಟ್ ವೇಗಕ್ಕೆ ತಂದು ರಿವರ್ಸ್ ಹಾಕಿ, ಅದು ನಿಲ್ಲಲು ಎಷ್ಟು ಉದ್ದ ಬೇಕಾಯಿತು, ಹಿಂಭಾಗ ಯಾವ ಕಡೆಗೆ ಸರಿಯಿತು ಎಂಬುದನ್ನು ಬರೆದಿಟ್ಟುಕೊಂಡು, ಇವೆರಡೂ ರೂಢಿಯಾಗುವವರೆಗೆ ತೆರೆದ ನೀರಿನಲ್ಲೇ ಅಭ್ಯಾಸ ಮಾಡಿ.